ದೋಣಿ ಬಿಡುವುದೂ ದೀಪ ಆರಿಸುವುದೂ



ಇಂದಿನ ಮಾತು ಇಂಗ್ಲಿಷಿನ ಎರಡು ಪುಟ್ಟ ಪದಗಳನ್ನು ಕುರಿತದ್ದು. ಒಂದು ‘ಪುಟ್’, ಇನ್ನೊಂದು ‘ಔಟ್’. ಬಿಡಿಬಿಡಿಯಾಗಿ ಇವೆರಡೂ ನಿಮಗೆ ಗೊತ್ತು. ಕ್ರಿಕೆಟ್ ಆಡುವವರಿಗಂತೂ ಎರಡನೆಯದು ಅಕ್ಷರಾಭ್ಯಾಸಕ್ಕೂ ಮೊದಲೇ ಗೊತ್ತು! ಆದರೆ ಎರಡೂ ಕೂಡಿ ‘ಪುಟ್ ಔಟ್’ ಆಯಿತೆಂದರೆ ತೊಡಕು ಶುರುವಾಗುತ್ತದೆ. ನಾನು ಇಂಗ್ಲಿಷ್ ಅಧ್ಯಾಪಕನಲ್ಲ. ಓದಿದ್ದು ವಿಜ್ಞಾನ, ಮಾಡುವುದು ದೂರದರ್ಶನದ ಕೆಲಸ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಬ್ಬ ಹುಡುಗನಿಂದ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಸುತ್ತುತ್ತಿದ್ದೆವು. ಹೊನ್ನಾವರದ ಕಡೆಯ ಒಂದು ತರಗತಿಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡದಲ್ಲಿ ಹೇಳುವ ಸ್ಪರ್ಧೆ. ‘ದಿ ಬೋಟ್ಸ್ ಪುಟ್ ಔಟ್ ಅಟ್ ಡಾನ್’ ಎಂಬ ವಾಕ್ಯ ಬಂತು. ಒಬ್ಬ ಹುಡುಗ ಎದ್ದು ನಿಂತು, ‘ಬೆಳಗಿನ ಜಾವ ದೋಣಿಗಳನ್ನು ನಂದಿಸಿದರು’ ಎಂದ. ತರಗತಿಯೆಲ್ಲ ನಕ್ಕಿತು. ಕ್ಯಾಮರಾದ ಹಿಂದಿದ್ದ ನಾನೂ ನಕ್ಕೆ. ಅಂಕ ಪಕ್ಕದವನಿಗೆ ಹೋಯಿತು.

ಆಮೇಲೆ ತಿಳಿಯಿತು, ಆ ಹುಡುಗನ ತಂದೆ ಶರಾವತಿಯ ಅಳಿವೆಯಿಂದ ಕಡಲಿಗೆ ಹೋಗುವ ಮೀನುಗಾರರು. ವಾಕ್ಯದಲ್ಲಿದ್ದ ದೃಶ್ಯವನ್ನು ಅವನು ಮನೆಯ ಜಗುಲಿಯಿಂದಲೇ ಕಂಡಿದ್ದ. ಹೊರಗೆ ಸಿಕ್ಕಾಗ, ‘ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಪ್ಪ?’ ಎಂದು ಕೇಳಿದೆ. ‘ದೋಣಿ ಬಿಡೂದು ಅಂತೀವಿ ಸರ್. ಆದರೆ ಪಟ್ಟಿಯಲ್ಲಿ ಪುಟ್ ಔಟ್ ಅಂದ್ರೆ ನಂದಿಸು ಅಂತ ಒಂದೇ ಇತ್ತು’ ಎಂದ. ನಾನು ನಕ್ಕದ್ದು ತಪ್ಪಾಯಿತೆಂದು ಆಗ ಅನ್ನಿಸಿತು. ಅವನು ಪಟ್ಟಿಯನ್ನು ಸರಿಯಾಗಿಯೇ ಕಲಿತಿದ್ದ, ಕುಂದಿದ್ದದ್ದು ಪಟ್ಟಿಯಲ್ಲಿ.

ಹಾಗಾದರೆ ‘ಪುಟ್ ಔಟ್’ ಎಂದರೇನು? ದೀಪ, ಬೆಂಕಿಗಳ ಜೊತೆ ಬಂದರೆ ಆರಿಸು, ನಂದಿಸು. ದೋಣಿ ಅಥವಾ ಹಡಗೇ ಕರ್ತೃವಾದರೆ ದಡ ಬಿಟ್ಟು ಹೊರಡು. ಪ್ರಕಟಣೆ, ಎಚ್ಚರಿಕೆಗಳ ಜೊತೆ ಬಂದರೆ ಹೊರಡಿಸು. ಭುಜದ ಜೊತೆ ಬಂದರೆ ಕೀಲು ತಪ್ಪಿತು ಎಂದರ್ಥ. ಮನುಷ್ಯನ ವಿಷಯದಲ್ಲಿ ಹೇಳಿದರೆ ತೊಂದರೆ ಕೊಡು, ಇಲ್ಲವೆ ಬೇಸರಪಡಿಸು. ಭಟ್ಕಳದ ಒಂದು ಮನೆಯಲ್ಲಿ ನಮ್ಮ ತಂಡದ ಎಂಟು ಜನಕ್ಕೂ ಚಹಾ, ತಿಂಡಿ ಕೊಟ್ಟಾಗ ನಾವು ‘ಸುಮ್ಮನೆ ನಿಮಗೆ ತೊಂದರೆ’ ಎಂದೆವಲ್ಲ, ಇಂಗ್ಲಿಷಿನವರಾಗಿದ್ದರೆ ಅಲ್ಲಿ ‘ಪುಟ್ ಔಟ್’ ಬಳಸುತ್ತಿದ್ದರು. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಕೊನೆಯ ಅಂಕದಲ್ಲಿ ನಾಯಕ ಒಂದೇ ಸಾಲಿನಲ್ಲಿ ಇದನ್ನು ಎರಡು ಸಲ ಹೇಳುತ್ತಾನೆ. ಮೊದಲನೆಯದು ಕೈಯಲ್ಲಿರುವ ದೀಪಕ್ಕೆ, ಎರಡನೆಯದು ಹೆಂಡತಿಯ ಪ್ರಾಣಕ್ಕೆ. ನಮ್ಮಲ್ಲೂ ದೀಪ ನಂದುತ್ತದೆ, ಜೀವವೂ ನಂದುತ್ತದೆ.

ಇಷ್ಟೆಲ್ಲ ಅರ್ಥಗಳನ್ನು ಬಾಯಿಪಾಠ ಮಾಡಬೇಕೆ ಎಂದು ಗಾಬರಿಯಾಗಬೇಡಿ. ಇಂಥದೇ ಕೆಲಸವನ್ನು ಕನ್ನಡದಲ್ಲಿ ನೀವು ಮೂರು ವರ್ಷದ ಕೂಸಾಗಿದ್ದಾಗಿನಿಂದ ಮಾಡುತ್ತಿದ್ದೀರಿ. ಆ ಹುಡುಗನ ‘ಬಿಡು’ ಎಂಬ ಮಾತನ್ನೇ ನೋಡಿ. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಮಳೆ ಬಿಟ್ಟಿತು ಎಂದರೆ ನಿಂತಿತು. ಮಾವಿನ ಮರ ಕಾಯಿ ಬಿಟ್ಟಿತು, ಅಣ್ಣ ಗಡ್ಡ ಬಿಟ್ಟ, ಅಪ್ಪ ಬೀಡಿ ಬಿಟ್ಟರು. ‘ಶಾಲೆ ಬಿಟ್ಟಿತು’ ಎಂದರೆ ಮಕ್ಕಳಿಗೆ ಸಂತೋಷ. ‘ಹುಡುಗ ಶಾಲೆ ಬಿಟ್ಟ’ ಎಂದರೆ ಮನೆಮಂದಿಗೆಲ್ಲ ಚಿಂತೆ. ಪದಗಳು ಅವೇ, ಬದಲಾದದ್ದು ಕರ್ತೃ ಮಾತ್ರ. ‘ತೆಗೆ’, ‘ಹಾಕು’ಗಳ ಆಟವಂತೂ ಇನ್ನೂ ಸ್ವಾರಸ್ಯ. ಬಾಗಿಲು ತೆಗೆದರೆ ತೆರೆಯುತ್ತದೆ, ದೀಪ ತೆಗೆದರೆ ಆರುತ್ತದೆ. ಬಾಗಿಲು ಹಾಕಿದರೆ ಮುಚ್ಚುತ್ತದೆ, ದೀಪ ಹಾಕಿದರೆ ಬೆಳಗುತ್ತದೆ. ಕನ್ನಡ ಕಲಿಯಲು ಬಂದ ಪರದೇಶದವರು ಇಲ್ಲಿ ಬೆವರುವುದನ್ನು ನಾನು ಕಂಡಿದ್ದೇನೆ.

ಇಂಗ್ಲಿಷಿನವರಿಗೂ ತಮ್ಮ ಭಾಷೆಯ ಈ ಗುಣ ತಿಳಿಯದ್ದೇನಲ್ಲ. 1755ರಲ್ಲಿ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಹಿಂದೆ ಪುಟ್ಟ ಪದ ಸೇರಿ ಅರ್ಥ ಬದಲಾಗುವ ಈ ರೀತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟವಾದದ್ದೆಂದು ಅದರ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ. ಸಂಸ್ಕೃತ ಓದುವವರಿಗೆ ಇದು ಬೇಗ ಹಿಡಿಸುತ್ತದೆ. ಹಾರ ಎಂಬುದರ ಹಿಂದೆ ಉಪಸರ್ಗ ಬದಲಾದರೆ ಆಹಾರ, ವಿಹಾರ, ಪ್ರಹಾರ, ಪರಿಹಾರ, ಸಂಹಾರ. ಆಹಾರವೆಲ್ಲಿ, ಸಂಹಾರವೆಲ್ಲಿ! ಸಂಸ್ಕೃತದಲ್ಲಿ ಆ ಪುಟ್ಟ ಪದ ಮೊದಲು ಬಂದು ಅಂಟಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ ಬಂದು ಬಿಡಿಯಾಗಿ ನಿಲ್ಲುತ್ತದೆ.

‘ಪುಟ್ ಔಟ್’ನಲ್ಲಿ ‘ಔಟ್’ನ ನೆರಳು ಇನ್ನೂ ಕಾಣುತ್ತದೆ. ದೋಣಿ ದಡದಿಂದ ಹೊರಕ್ಕೆ, ಸುದ್ದಿ ಕಚೇರಿಯಿಂದ ಹೊರಕ್ಕೆ, ಮೂಳೆ ಕೀಲಿನಿಂದ ಹೊರಕ್ಕೆ. ನಮ್ಮ ‘ಹೊರಡು’ ಎಂಬ ಪದದೊಳಗೂ ‘ಹೊರ’ ಅಡಗಿದೆ. ಹಳಗನ್ನಡದಲ್ಲಿ ಅದು ‘ಪೊಱಮಡು’. ದೋಣಿ ಹೊರಡುತ್ತದೆ, ಇಲಾಖೆ ಎಚ್ಚರಿಕೆ ಹೊರಡಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಪುಟ್ ಔಟ್’, ಕನ್ನಡದಲ್ಲಿ ಎರಡಕ್ಕೂ ‘ಹೊರಡು’ ಮನೆತನದ್ದೇ ಪದ.

ಆದರೆ ಎಲ್ಲ ಕಡೆ ಈ ನೆರಳು ಸಿಗದು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು. ಆ ಮೂರು ಪದಗಳನ್ನು ಎಷ್ಟು ಜಾಲಾಡಿದರೂ ಸಹನೆ ಸಿಗುವುದಿಲ್ಲ. ಇಲ್ಲಿ ನನಗೆ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಉಪ್ಪಿನಾಗರಗಳು ನೆನಪಾಗುತ್ತವೆ. ಸೋಡಿಯಂ ನೀರಿಗೆ ಬಿದ್ದರೆ ಉರಿದೇಳುವ ಲೋಹ, ಕ್ಲೋರಿನ್ ವಿಷಾನಿಲ. ಎರಡೂ ಸಂಯೋಗವಾದರೆ ನಾವು ಗಂಜಿಗೆ ಹಾಕಿಕೊಳ್ಳುವ ಉಪ್ಪು. ಕೆಲವು ಪದಜೋಡಿಗಳು ಹೀಗೆ ಉಪ್ಪಾಗಿಬಿಟ್ಟಿವೆ. ಅವನ್ನು ಇಡಿಯಾಗಿಯೇ ಕಲಿಯಬೇಕು.

ಸಮಾನಾರ್ಥಕ ಪದಗಳ ವಿಷಯದಲ್ಲೂ ಎಚ್ಚರ ಬೇಕು. ‘ಪುಟ್ ಔಟ್’ಗೆ ‘ಎಕ್ಸ್‌ಟಿಂಗ್ವಿಶ್’ ಸಮಾನಪದವೆಂದು ಬರೆದುಕೊಂಡಿರುತ್ತೀರಿ. ಅರ್ಥ ಸರಿ. ಆದರೆ ಅದು ಲ್ಯಾಟಿನ್ ಮೂಲದ, ವರದಿಯಲ್ಲಿ ಬರುವ ಪದ. ಮಲಗುವ ಮುನ್ನ ಅಮ್ಮನಿಗೆ ‘ದೀಪವನ್ನು ನಂದಿಸು’ ಎಂದು ಯಾರೂ ಹೇಳುವುದಿಲ್ಲ, ‘ದೀಪ ತೆಗೆ’ ಎನ್ನುತ್ತೇವೆ. ದೇವರ ದೀಪಕ್ಕೆ ಕೆಲವು ಮನೆಗಳಲ್ಲಿ ‘ಆರಿಸು’ ಎಂದೂ ಅನ್ನರು, ‘ಶಾಂತ ಮಾಡು’ ಎನ್ನುತ್ತಾರೆ. ಅಗ್ನಿಶಾಮಕ ದಳದ ‘ಶಾಮಕ’ವೂ ಇದೇ ಧಾತುವಿನಿಂದ ಬಂದದ್ದು! ದೇವರ ಮನೆಯ ಮಾತು, ಕೆಂಪು ಲಾರಿಯ ಮಾತು ಒಂದೇ ಬೇರಿನವು. ಆದರೂ ಅದಲುಬದಲು ಮಾಡಲು ಬಾರದು.

ಇನ್ನು ಆ ಹುಡುಗನ ವಾಕ್ಯಕ್ಕೆ ಮರಳೋಣ. ಅರ್ಥ ಹಿಡಿಯುವ ಸುಳಿವು ಅದರಲ್ಲೇ ಇತ್ತು. ನಂದಿಸುವುದಕ್ಕೆ ಏನನ್ನು ಎಂಬ ಕರ್ಮ ಬೇಕು. ‘ಪುಟ್ ಔಟ್ ದಿ ಲ್ಯಾಂಪ್’ ಎನ್ನಬಹುದು, ‘ಪುಟ್ ದಿ ಲ್ಯಾಂಪ್ ಔಟ್’ ಎನ್ನಬಹುದು. ಸರ್ವನಾಮ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಔಟ್’. ದೋಣಿಯ ವಾಕ್ಯದಲ್ಲಿ ಕರ್ಮವೇ ಇಲ್ಲ, ದೋಣಿಗಳೇ ಕರ್ತೃ. ಹುಡುಗ ಪಟ್ಟಿಯ ಅರ್ಥಕ್ಕೆ ಹೊಂದಿಸಲು ‘ದೋಣಿಗಳನ್ನು’ ಎಂದು ವಿಭಕ್ತಿಯನ್ನೇ ಬದಲಿಸಿದ್ದ. ಇದನ್ನು ತೋರಿಸಿದಾಗ ಅವನ ಮುಖ ಅರಳಿತು. ‘ಹಾಗಾದ್ರೆ ಮಳೆಗಾಲದಲ್ಲಿ ದೋಣಿ ಪುಟ್ ಔಟ್ ಮಾಡೂದಿಲ್ಲ ಅಲ್ವಾ ಸರ್?’ ಎಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದನ್ನು ಅವನು ಹೇಳುತ್ತಿದ್ದ. ‘ಮಾಡೂದು’ ಬೇಡ, ದೋಣಿಗಳೇ ‘ಪುಟ್ ಔಟ್’ ಆಗುತ್ತವೆ ಎಂದು ತಿದ್ದಿದೆ.

ಮರಳಿ ಬಂದರಿಗೆ ಬರುವ ದೋಣಿಗೆ ‘ಪುಟ್ ಇನ್’ ಎನ್ನುತ್ತಾರೆ. ಆದರೆ ಅರ್ಜಿಗೂ ‘ಪುಟ್ ಇನ್’ ಉಂಟು, ಸಾರಿಗೆ ಉಪ್ಪು ಹಾಕುವುದಕ್ಕೂ ಉಂಟು. ಮೂರಕ್ಕೂ ಒಂದೊಂದು ವಾಕ್ಯವನ್ನು ನಿಮ್ಮ ಊರಿನ ಸಂಗತಿಯಿಂದಲೇ ಬರೆದು, ಕರ್ತೃ ಯಾವುದು, ಕರ್ಮ ಇದೆಯೇ ಎಂದು ಗುರುತು ಹಾಕಿ ನೋಡಿ.