ಮುಖ ಕಾಣದ ಸವಾಲು

ಹರಾಜು ಎಂದೊಡನೆ ನಮ್ಮ ನೆನಪಿಗೆ ಬರುವುದು ಒಂದು ಕೂಗು. "ಒಂದು ಸಾರಿ, ಎರಡು ಸಾರಿ" ಎನ್ನುವಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಐವತ್ತು ರೂಪಾಯಿ ಏರಿಸುತ್ತಾರೆ. ಎಲ್ಲರ ಕತ್ತೂ ಅತ್ತ ತಿರುಗುತ್ತದೆ. ದೇವಸ್ಥಾನದಲ್ಲಿ ಅಮ್ಮನವರಿಗೆ ಬಂದ ಸೀರೆಗಳನ್ನು ಹರಾಜು ಹಾಕುವಾಗ ಈ ನೋಟವನ್ನು ನೀವೂ ಕಂಡಿರುತ್ತೀರಿ. ಹೀಗೆ ಕೂಗುವ ಬೆಲೆಗೆ ನಮ್ಮ ಹಿರಿಯರು ಇಟ್ಟ ಹೆಸರು 'ಸವಾಲು'. ಒಬ್ಬರು ಸವಾಲು ಹಾಕಿದರೆಂದರೆ "ಈ ವಸ್ತುವಿಗೆ ನಾನು ಇಷ್ಟು ಕೊಡಲು ಸಿದ್ಧ" ಎಂದು ಹತ್ತು ಜನರೆದುರು ಮಾತು ಕೊಟ್ಟ ಹಾಗೆ. ಕೊಟ್ಟವರು ಯಾರು ಎಂದು ನೋಡಲು ನಾವು ಕತ್ತು ತಿರುಗಿಸುತ್ತೇವಲ್ಲ, ಆ ನೋಟವೇ ಹರಾಜಿನ ಕಾವಲು.

ಈಗ ಹರಾಜು ಮೊಬೈಲ್ ಫೋನಿನೊಳಕ್ಕೆ ಬಂದಿದೆ. ನಮ್ಮ ದೇಶದಲ್ಲಿ ಇದು ತೀರ ಹೊಸದೇನೂ ಅಲ್ಲ. 2000ದಲ್ಲಿ 'ಬಾಜೀ' ಎಂಬ ಹರಾಜು ತಾಣ ಆರಂಭವಾಯಿತು. 2004ರಲ್ಲಿ ಅಮೆರಿಕದ ಈಬೇ ಅದನ್ನು ಕೊಂಡಿತು. 2017ರಲ್ಲಿ ಈಬೇಯ ಭಾರತದ ವ್ಯಾಪಾರ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಕೈಗೆ ಬಂದು, 2018ರಲ್ಲಿ ಆ ತಾಣ ಮುಚ್ಚಿತು. ಹರಾಜು ಮಾತ್ರ ಮುಚ್ಚಲಿಲ್ಲ. ಇಳಕಲ್ ಸೀರೆ, ಕಸೂತಿ, ಕಿನ್ನಾಳದ ಗೊಂಬೆ, ಬಿದರಿ ಪಾತ್ರೆ, ಹಳೆಯ ಬೀಟೆಮರದ ಕುಸುರಿ ಹಲಗೆ, ಎಲ್ಲವೂ ಒಂದಲ್ಲ ಒಂದು ಕಡೆ ಸವಾಲಿಗೆ ಬರುತ್ತವೆ. ವಿಜಯನಗರದ ಮನೆಯಲ್ಲಿ ಕುಳಿತು ಬೀದರಿನ ಡಬ್ಬಿಗೆ ಬೆಲೆ ಹೇಳಬಹುದು. ಅನುಕೂಲವೇನೋ ಹೌದು. ಆದರೆ ಇಲ್ಲಿ ಕತ್ತು ತಿರುಗಿಸಿದರೆ ಕಾಣುವುದು ನಮ್ಮ ಮನೆಯ ಗೋಡೆ.

ವಿಜಯನಗರದಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದಾರೆ. ತವರು ಬೀದರ ಕಡೆ. ತಾಯಿಯ ಮನೆಯಲ್ಲಿದ್ದಂಥದೇ ಬಿದರಿಯ ಅಡಕೆ ಡಬ್ಬಿಯೊಂದು ಹರಾಜಿಗೆ ಬಂದಿರುವುದನ್ನು ಮೊಮ್ಮಗ ತೋರಿಸಿದ. ಸವಾಲು 900 ರೂಪಾಯಿಯಿಂದ ಆರಂಭ. ನಾಲ್ಕಾರು ಜನ ಸೇರಿ 1,800ರವರೆಗೆ ಏರಿಸಿ ಹಿಂದೆ ಸರಿದರು. ಉಳಿದವರು ಇಬ್ಬರೇ: ಈ ತಾಯಿ ಮತ್ತು ಹೆಸರಿನ ಬದಲು ಮೂರು ಅಕ್ಷರ, ನಾಲ್ಕು ಅಂಕಿ ಹೊತ್ತ ಇನ್ನೊಬ್ಬರು. ಇವರು ನೂರು ಏರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅವರೂ ನೂರು ಏರಿಸುತ್ತಿದ್ದರು. "ಅಜ್ಜಿ, ಅವರು ಬಿಡೋ ಹಾಗೆ ಕಾಣಲ್ಲ" ಎಂದ ಮೊಮ್ಮಗ. "ನಾನೂ ಬಿಡೋದಿಲ್ಲ ಕಣೋ" ಎಂದರು ಅಜ್ಜಿ. ಆದರೂ 6,400 ಹೇಳಿದ ಮೇಲೆ, ಎದುರಾಳಿ 6,500 ಎಂದಾಗ, ಕೈ ಹಿಂದಕ್ಕೆ ಬಂತು.

ಮೂರನೆಯ ದಿನ ಒಂದು ಸಂದೇಶ ಬಂತು. "ಗೆದ್ದವರು ಹಣ ಕಟ್ಟಲಿಲ್ಲ. ನಿಮ್ಮ ಕೊನೆಯ ಸವಾಲಾದ 6,400ಕ್ಕೆ ಡಬ್ಬಿಯನ್ನು ನಿಮಗೇ ಕೊಡುತ್ತೇವೆ."

ಬೇರೆಯವರಾದರೆ ಸಂತೋಷಪಡುತ್ತಿದ್ದರೇನೋ. ಇವರು ಲೆಕ್ಕ ಕಲಿಸಿದವರು. "ಆ ಮನುಷ್ಯ ಕೊಳ್ಳುವವನೇ ಅಲ್ಲದಿದ್ದರೆ, ಅವನು ಏರಿಸಿದ ಬೆಲೆ ನನಗೇಕೆ? ಅವನನ್ನು ಬಿಟ್ಟರೆ ಉಳಿದವರ ಕೊನೆಯ ಸವಾಲು 1,800. ನಾನು 1,900ಕ್ಕೆ ಗೆದ್ದಿರಬೇಕಿತ್ತು" ಎಂದು ಬರೆದರು. ಉತ್ತರ ಬರಲಿಲ್ಲ. ಮುಂದಿನ ವಾರ ಅದೇ ಚಿತ್ರ, ಅದೇ ಡಬ್ಬಿ, ಮತ್ತೆ 900ರಿಂದ ಹರಾಜಿಗೆ ಬಂದಿತ್ತು.

ಇಲ್ಲಿ ಮೋಸವಾಯಿತೆ? ತೀರ್ಪು ಕೊಡುವ ಮುಂಚೆ ಒಂದು ಮಾತನ್ನು ಯೋಚಿಸೋಣ. ಅಂಗಡಿಯ ಸಾಬೂನಿಗೆ ಬೆಲೆ ಅಚ್ಚಾಗಿರುತ್ತದೆ. ಚಿನ್ನಕ್ಕೆ ದಿನದ ಧಾರಣೆ ಉಂಟು. ಕೈಕೆಲಸಕ್ಕೆ ಇವೆರಡೂ ಇಲ್ಲ. ಬಿದರಿಯನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅದರ ಮೇಲೆ ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚಿದರೆ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳಗುತ್ತದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದದ್ದು ಈ ಕೆಲಸಕ್ಕೇ. ಡಬ್ಬಿಯಲ್ಲಿರುವ ಬೆಳ್ಳಿಯನ್ನು ತೂಗಿ ಬೆಲೆ ಕಟ್ಟಬಹುದು. ಉಳಿಯ ಹಿಂದಿರುವ ಕೈಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಆದ್ದರಿಂದ ಕೊಳ್ಳುವವರು ಅಕ್ಕಪಕ್ಕ ನೋಡುತ್ತಾರೆ. "ಇನ್ನೊಬ್ಬರು ಆರು ಸಾವಿರ ಕೊಡಲು ಸಿದ್ಧರಿದ್ದಾರೆ, ಹಾಗಾದರೆ ವಸ್ತು ಅಷ್ಟು ಬಾಳುತ್ತದೆ" ಎಂದುಕೊಳ್ಳುತ್ತಾರೆ. ಕೈಕೆಲಸದ ಹರಾಜಿನಲ್ಲಿ ಇನ್ನೊಬ್ಬರ ಸವಾಲೇ ಬೆಲೆಗೆ ಸಾಕ್ಷಿ. ಮಾರುವವರೇ ಬೇರೆ ಹೆಸರಿನಲ್ಲಿ, ಇಲ್ಲವೇ ಭಾವಮೈದುನನ ಕೈಯಲ್ಲಿ ಸವಾಲು ಹಾಕಿಸಿದರೆ ಅದು ಸುಳ್ಳುಸಾಕ್ಷಿ. ಬೇರೆ ಸರಕಿನ ಹರಾಜಿಗಿಂತ ಇಲ್ಲಿ ಈ ಮೋಸ ಹೆಚ್ಚು ಆಳಕ್ಕೆ ಇಳಿಯುವುದು ಇದೇ ಕಾರಣಕ್ಕೆ.

ಬೆಲೆ ಏರಿಸುವುದೇ ತಪ್ಪೆಂದಲ್ಲ. 1933–34ರಲ್ಲಿ ಹರಿಜನ ನಿಧಿಗಾಗಿ ದೇಶ ಸುತ್ತಿದ ಗಾಂಧೀಜಿ, ತಮಗೆ ಬಂದ ಉಡುಗೊರೆಗಳನ್ನೂ ಮಾನಪತ್ರದ ಕರಂಡಕಗಳನ್ನೂ ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಹೆಚ್ಚು ಬೆಲೆ ಬರಲೆಂದು ಅವರಿಗೂ ಆಸೆಯೇ. ಆದರೆ ಮಾರುವವರು ಯಾರು, ಕೊಳ್ಳುವವರು ಯಾರು, ಹಣ ಹೋಗುವುದೆಲ್ಲಿಗೆ ಎಂಬುದು ಸೇರಿದ ಸಭೆಗೆಲ್ಲ ಗೊತ್ತಿತ್ತು. ಕೇಡಿರುವುದು ಏರಿಕೆಯಲ್ಲಲ್ಲ, ಮರೆಯಲ್ಲಿ.

ಇನ್ನು ನಮ್ಮ ಉಪಾಧ್ಯಾಯಿನಿಯವರ ಅನುಮಾನಕ್ಕೆ ಬರೋಣ. ಅವರಿಗೆ ಮೊದಲು ಸಂಶಯ ಹುಟ್ಟಿಸಿದ್ದು ಎದುರಾಳಿಯ ವೇಗ. ವಾಸ್ತವವಾಗಿ ಅದು ದೋಷವಲ್ಲ. ಅನೇಕ ಹರಾಜು ತಾಣಗಳಲ್ಲಿ "ನನ್ನ ಗರಿಷ್ಠ ಮಿತಿ ಇಷ್ಟು" ಎಂದು ಮೊದಲೇ ಗುಟ್ಟಾಗಿ ಬರೆದಿಡಬಹುದು. ಅಲ್ಲಿಯವರೆಗೆ ಯಂತ್ರವೇ ನಮ್ಮ ಪರವಾಗಿ ಒಂದೊಂದು ಮೆಟ್ಟಿಲು ಏರುತ್ತದೆ. ಯಜಮಾನರು ನಿದ್ದೆಯಲ್ಲಿದ್ದರೂ ಸವಾಲು ಬೀಳುತ್ತದೆ.

ಕೊನೆಯ ಕ್ಷಣದಲ್ಲಿ ಯಾರೋ ಬಂದು ವಸ್ತುವನ್ನು ಹಾರಿಸಿಕೊಂಡು ಹೋದರೆಂಬ ದೂರೂ ಉಂಟು. ಇದು ಕಿರಿಕಿರಿಯೇ ಹೊರತು ಮೋಸವಲ್ಲ. ರಾಥ್ ಮತ್ತು ಓಕೆನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಕಾರಣ ತೋರಿಸಿದರು. ಗಡಿಯಾರ ನೋಡಿ ಥಟ್ಟನೆ ಮುಗಿಸುವ ಈಬೇ ಹರಾಜಿನಲ್ಲಿ ಕೊನೆಗಳಿಗೆಯ ಸವಾಲು ಹೆಚ್ಚು. ಹೊಸ ಸವಾಲು ಬಂದೊಡನೆ ಕೆಲವು ನಿಮಿಷ ಅವಧಿ ಹಿಗ್ಗುತ್ತಿದ್ದ ಅಮೆಜಾನ್ ಹರಾಜಿನಲ್ಲಿ ಕಡಿಮೆ. ಅಂದರೆ ದೋಷ ಮನುಷ್ಯನಿಗಿಂತ ನಿಯಮದಲ್ಲಿದೆ. ದೇವಸ್ಥಾನದ "ಒಂದು ಸಾರಿ, ಎರಡು ಸಾರಿ" ಕೂಡ ಇಂಥ ಅವಕಾಶ ಕೊಡುವ ನಿಯಮವೇ.

ಹಾಗಾದರೆ ನಿಜವಾಗಿ ಅನುಮಾನಿಸಬೇಕಾದದ್ದು ಯಾವುದನ್ನು? ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಮಾತ್ರ ಪದೇ ಪದೇ ಸವಾಲು ಹಾಕಿ, ಒಮ್ಮೆಯೂ ಕೊಳ್ಳದ ಹೆಸರನ್ನು. ಬೆಲೆ ಏರಿಸಿ, ಕೊನೆಗೆ ತನ್ನ ಸವಾಲನ್ನು ಹಿಂದೆಗೆದುಕೊಳ್ಳುವವನನ್ನು. "ಗೆದ್ದವರು ಹಣ ಕಟ್ಟಲಿಲ್ಲ" ಎಂಬ ಪತ್ರ ಬಂದ ಮೇಲೆ ಅದೇ ವಸ್ತು ಮತ್ತೆ ಹರಾಜಿಗೆ ಬರುವುದನ್ನು. ಇವುಗಳಲ್ಲಿ ಒಂದೇ ಕಂಡರೆ ಅದು ಆಕಸ್ಮಿಕವಿರಬಹುದು. ಎರಡು ಮೂರು ಕೂಡಿ ಬಂದರೆ ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಇದು ಬರಿಯ ಊಹೆಯಲ್ಲ. 2000ದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಒಬ್ಬಾತ 25 ಸೆಂಟಿನಿಂದ ಹರಾಜಿಗಿಟ್ಟ ಒಂದು ವರ್ಣಚಿತ್ರ, ಹೆಸರಾಂತ ಕಲಾವಿದರ ಕೃತಿ ಇರಬಹುದೆಂಬ ಭ್ರಮೆಯಲ್ಲಿ 1,35,805 ಡಾಲರಿಗೆ ಏರಿತು. ಮಾರುವಾತ ತಾನೇ ಸವಾಲು ಹಾಕಿದ್ದು ತಿಳಿದು ಈಬೇ ಆ ಮಾರಾಟವನ್ನು ರದ್ದುಮಾಡಿತು. ವಿಚಾರಿಸಿದರೆ ಮೂವರು ಸೇರಿ ನಲವತ್ತಕ್ಕೂ ಹೆಚ್ಚು ಸುಳ್ಳು ಹೆಸರುಗಳಲ್ಲಿ ನೂರಾರು ಹರಾಜುಗಳಲ್ಲಿ ಬೆಲೆ ಏರಿಸಿದ್ದರು. 2001ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು.

ಹೆಸರು ಮರೆಮಾಡುವುದನ್ನೇ ನಿಲ್ಲಿಸಬಾರದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಇನ್ನೊಂದು ಮಗ್ಗುಲಿದೆ. ರಾಜಾಜಿನಗರದ ಪಕ್ಕದಲ್ಲೇ ಇರುವ ಯಶವಂತಪುರದಂಥ ಮಂಡಿಗಳಲ್ಲಿ ಹಳೆಯ ದೂರು ತಲೆಕೆಳಗಾದದ್ದು: ಕೊಳ್ಳುವವರು ತಮ್ಮೊಳಗೇ ಮಾತಾಡಿಕೊಂಡು ಬೆಲೆ ಇಳಿಸುತ್ತಾರೆ ಎಂಬುದು. ಒಬ್ಬರ ಬೆಲೆ ಇನ್ನೊಬ್ಬರಿಗೆ ತಿಳಿಯದಿದ್ದರೆ ಈ ಕೂಟ ಕಟ್ಟುವುದು ಕಷ್ಟ. ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ 2014ರಲ್ಲಿ ಬಂದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಮಂಡಿಗಳಲ್ಲಿ ಆನ್‌ಲೈನ್ ಟೆಂಡರನ್ನು ಹಬ್ಬಿಸಿದ್ದರ ಹಿಂದೆ ಈ ವಿಚಾರವೂ ಇತ್ತು. ಆದ್ದರಿಂದ ಜನರಿಗೆ ಹೆಸರು ಕಾಣದಿರಲಿ; ಹರಾಜು ನಡೆಸುವವರಿಗಾದರೂ ಪ್ರತಿ ಹೆಸರಿನ ಹಿಂದಿರುವ ಮುಖ ಗೊತ್ತಿರಲೇಬೇಕು. ಸರ್ಕಾರಿ ಹರಾಜುಗಳಲ್ಲಿ ಮುಂಗಡ ಠೇವಣಿ ಕೇಳುವುದು ಇದಕ್ಕೇ. ಠೇವಣಿ ಕಟ್ಟಿದವರು ಸುಮ್ಮನೆ ಕೂಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಬೆಲೆ ಏರಿಸಲು ಮಾರುವವರು ಸೋಗಿನ ಸವಾಲು ಬಳಸಿದರೆ ಕೊಂಡವರು ಮಾರಾಟವನ್ನು ರದ್ದುಮಾಡಬಹುದೆಂದು 1872ರ ಕರಾರು ಕಾಯಿದೆಯೇ ಹೇಳಿತ್ತು. ಆ ನಿಯಮ ಈಗ 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನಲ್ಲಿದೆ. ಮಾರುವವರು ಕನಿಷ್ಠ ಬೆಲೆ ಇಟ್ಟುಕೊಳ್ಳಬಹುದು. ಸವಾಲು ಹಾಕುವ ಹಕ್ಕನ್ನೂ ಉಳಿಸಿಕೊಳ್ಳಬಹುದು. ಆದರೆ ಅದನ್ನು ಮೊದಲೇ ಬಹಿರಂಗವಾಗಿ ಸಾರಬೇಕು. ಸಾರದೆ ತಾವು ಸವಾಲು ಹಾಕಿದರೂ, ಬೇರೆಯವರಿಂದ ಹಾಕಿಸಿದರೂ, ಆ ಮಾರಾಟವನ್ನು ಕೊಂಡವರು ವಂಚನೆಯೆಂದು ಪರಿಗಣಿಸಬಹುದು. ಕೊಳ್ಳುವವರ ಒಳಒಪ್ಪಂದವನ್ನು 2002ರ ಸ್ಪರ್ಧಾ ಕಾಯಿದೆ ತಡೆಯುತ್ತದೆ. ಆನ್‌ಲೈನ್ ವ್ಯಾಪಾರದ ಬಗ್ಗೆ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ವ್ಯಾಪಾರ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಇತ್ಯರ್ಥಮಾಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕಾನೂನಿಗಿಂತ ಮೊದಲು ನಾವೇ ಮಾಡಬಹುದಾದ ಕೆಲವು ಕೆಲಸಗಳಿವೆ. ಸವಾಲು ಹಾಕುವ ಮುಂಚೆ, ಮನಸ್ಸು ಬಿಸಿಯೇರುವ ಮುಂಚೆ, ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಡಿ. ಆ ಮಿತಿಯನ್ನು ಕಟ್ಟಲು ಎದುರಾಳಿಯ ಮುಖ ನೋಡಬೇಡಿ, ವಸ್ತುವನ್ನು ಮಾಡಿದವರ ಕೆಲಸ ನೋಡಿ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಹೊರಟರೆ ಚನ್ನಪಟ್ಟಣ ದೂರವಲ್ಲ. ಆಲೆಮರವನ್ನು ಕಡೆಯುವುದು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ ಹಿಡಿಯುವುದು, ಗರಿಯಿಂದ ಉಜ್ಜಿ ಹೊಳಪು ತರುವುದು, ಇದನ್ನೊಮ್ಮೆ ಕಣ್ಣಾರೆ ಕಂಡು ಬೆಲೆ ಕೇಳಿದವರು ಯಾವ ಹರಾಜಿನಲ್ಲೂ ಸುಲಭವಾಗಿ ದಾರಿ ತಪ್ಪುವುದಿಲ್ಲ. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯಲ್ಲಿ ಬಿದರಿಗೂ ಬೀಟೆಮರಕ್ಕೂ ಬೆಲೆಯ ಚೀಟಿ ಕಟ್ಟಿರುತ್ತಾರೆ. ಅದೂ ಒಂದು ಅಳತೆಗೋಲು. ಹರಾಜಿನ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಿ. "ಗೆದ್ದವರು ಬರಲಿಲ್ಲ" ಎಂಬ ಪತ್ರ ಬಂದರೆ, ನಮ್ಮ ಉಪಾಧ್ಯಾಯಿನಿ ಕೇಳಿದ ಪ್ರಶ್ನೆಯನ್ನೇ ಕೇಳಿ: ಬಾರದವರ ಸವಾಲನ್ನು ಕಳೆದರೆ ಬೆಲೆ ಎಷ್ಟು?

ಈ ಮೋಸದಲ್ಲಿ ಕೊಳ್ಳುವವರು ಕೆಲವು ಸಾವಿರ ಕಳೆದುಕೊಳ್ಳಬಹುದು. ಕಳೆದುಕೊಳ್ಳುವವರು ಇನ್ನೊಬ್ಬರಿದ್ದಾರೆ. ಸುಳ್ಳು ಸವಾಲಿನಿಂದ ಬಂದ ಹೆಚ್ಚಿನ ಹಣ ಡಬ್ಬಿ ಮಾಡಿದ ಕುಶಲಕರ್ಮಿಗೆ ಮುಟ್ಟುತ್ತದೆಂದು ತಿಳಿಯಬೇಡಿ; ಅವರು ತಮ್ಮ ಕೂಲಿ ಪಡೆದು, ವಸ್ತುವನ್ನು ವ್ಯಾಪಾರಿಗೆ ಕೊಟ್ಟು ಎಷ್ಟೋ ದಿನವಾಗಿರುತ್ತದೆ. ಅವರಿಗೆ ಮುಟ್ಟುವುದು ಅನುಮಾನ ಮಾತ್ರ. ಒಮ್ಮೆ ಸುಟ್ಟುಕೊಂಡವರು ಮುಂದೆ ನ್ಯಾಯವಾದ ಬೆಲೆ ಕೇಳಿದಾಗಲೂ "ಇದೂ ಏರಿಸಿದ್ದೇ ಇರಬೇಕು" ಎನ್ನುತ್ತಾರೆ.

ಮೊನ್ನೆ ಆ ಉಪಾಧ್ಯಾಯಿನಿಯವರನ್ನು ಕಂಡಾಗ, ಡಬ್ಬಿ ಕೊಂಡಿರಾ ಎಂದು ಕೇಳಿದೆ. ಇಲ್ಲವೆಂದರು. "ಮೋಸವೆಂದು ನನಗೆ ಖಚಿತವಿಲ್ಲ ನೋಡಿ. ಆ ಮನುಷ್ಯ ನಿಜವಾಗಿ ಇದ್ದನೋ ಏನೋ, ಹಣಕ್ಕೆ ತೊಂದರೆಯಾಯಿತೋ ಏನೋ. ಇದ್ದಿದ್ದರೆ ನಾನು ಸುಮ್ಮನೆ ಒಬ್ಬ ವ್ಯಾಪಾರಿಯನ್ನು ಸಂಶಯಪಟ್ಟ ಹಾಗಾಯಿತು. ಅದೇ ಬೇಜಾರು" ಎಂದರು. ಬರುವ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಬೀದರಿಗೇ ಹೋಗಿ, ಮಾಡುವವರ ಎದುರು ಕುಳಿತು ಒಂದು ಡಬ್ಬಿ ಕೊಳ್ಳುತ್ತಾರಂತೆ. ಎಲ್ಲರಿಗೂ ಬೀದರಿಗೆ ಹೋಗಲು ಆಗುವುದಿಲ್ಲ. ಹೋಗಲಾರದವರಿಗಾಗಿ ಹರಾಜು ನಡೆಸುವವರು ಮಾಡಬೇಕಾದದ್ದು ಇಷ್ಟೇ: ಮನೆಯಲ್ಲಿ ಕುಳಿತ ನಮಗೆ ತಿರುಗಿ ನೋಡಲು ಆಗದ ಕಡೆಗೆ, ನಮ್ಮ ಪರವಾಗಿ ಅವರು ಕತ್ತು ತಿರುಗಿಸಿ ನೋಡಬೇಕು.