ಆಯಾ ಕಣ್ಣಿಗೆ ಆಯಾ ಮಸೂರ



ಈ ಶಾಲೆಯ ಅಂಗಳದಲ್ಲಿ ಪೀನ ಮಸೂರವನ್ನು ಬಿಸಿಲಿಗೆ ಹಿಡಿದು ಕಾಗದ ಸುಟ್ಟವರು ನಾವು. ಮುಂದೆ ಪಶುವೈದ್ಯರಾಗಿ, ಪ್ರಾಣಿಗಳ ಕಣ್ಣಿನ ಪೊರೆ ತೆಗೆದು ಕೃತಕ ಮಸೂರ ಕೂಡಿಸುವ ವಿದ್ಯೆಯನ್ನು ಅರಿಯುವಾಗ ಆ ಪಾಠವೇ ನಮಗೆ ಆಧಾರವಾಯಿತು. ಶತಮಾನೋತ್ಸವದ ಈ ಶುಭವೇಳೆಯಲ್ಲಿ ಅದನ್ನೇ ನಿವೇದಿಸುತ್ತೇವೆ.

ನಮ್ಮ ಕಡೆ ಮೋತಿಬಿಂದು ಎನ್ನುವ ಪೊರೆ ನಾಯಿಗಳಿಗೂ ಬರುತ್ತದೆ. ಕೆಲವು ತಳಿಗಳಲ್ಲಿ ಅದು ವಂಶದಿಂದ ಬಂದದ್ದು. ಸಕ್ಕರೆ ಕಾಯಿಲೆಯ ನಾಯಿಗಳಲ್ಲಂತೂ ಸುಮಾರು ಮುಕ್ಕಾಲು ಪಾಲಿಗೆ ವರ್ಷವೊಂದರಲ್ಲಿ ಪೊರೆ ಕವಿಯುತ್ತದೆ. ಹೆಚ್ಚಾದ ಗ್ಲೂಕೋಸು ಮಸೂರದೊಳಗೆ ಸಾರ್ಬಿಟಾಲ್ ಆಗಿ ನೀರನ್ನೆಳೆದುಕೊಳ್ಳುತ್ತದೆ. ಮಸೂರ ಉಬ್ಬಿ ಬೆಳ್ಳಗಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕರ ಕಣ್ಣಿಗೆ ಸಿಡಿದ ಅಕ್ರಿಲಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲೆ ಗಮನಿಸಿದರು. 1949-50ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮನುಷ್ಯನ ಕಣ್ಣಿಗೆ ಅಂಥದೇ ವಸ್ತುವಿನ ಮಸೂರ ಕೂಡಿಸಿದರು. ಮಸೂರವೇನೋ ನಿಂತಿತು; ಆದರೆ ಅದರ ಶಕ್ತಿಯ ಲೆಕ್ಕ ತಪ್ಪಿ, ರೋಗಿಗೆ ತೀವ್ರವಾದ ಸಮೀಪದೃಷ್ಟಿ ಉಳಿಯಿತು.

ಪ್ರಾಣಿಗಳಲ್ಲಿಯೂ ಅಳತೆಯೇ ಮುಖ್ಯ. ಮನುಷ್ಯರಿಗೆ ಸಾಮಾನ್ಯವಾಗಿ ಸುಮಾರು 20 ಡಯಾಪ್ಟರಿನ ಮಸೂರ ಸಾಕು. ನಾಯಿಗೆ ಸುಮಾರು 41, ಬೆಕ್ಕಿಗೆ 50ಕ್ಕೂ ಮೇಲೆ ಬೇಕು. ಪೊರೆ ತೆಗೆದು ಮಸೂರ ಕೂಡಿಸದಿದ್ದರೆ ನಾಯಿಗೆ ಬೆಳಕು ಕಾಣುತ್ತದೆ, ಅಡ್ಡ ಬಂದ ಗೋಡೆಯೂ ತಿಳಿಯುತ್ತದೆ. ಆದರೆ ಬಿಂಬ ಅಕ್ಷಿಪಟಲದ ಹಿಂದೆ ಬೀಳುವುದರಿಂದ ಒಡೆಯನ ಮುಖ ಮಸುಕಾಗಿಯೇ ಉಳಿಯುತ್ತದೆ.

ಶಸ್ತ್ರಕ್ರಿಯೆ ಪೂರ್ಣ ಅರಿವಳಿಕೆಯಲ್ಲಿ ನಡೆಯುತ್ತದೆ. ಸಣ್ಣ ಗಾಯದ ಮೂಲಕ ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರಿ, ಉಳಿಸಿಕೊಂಡ ಕೋಶದಲ್ಲಿ ಮಡಿಚಿದ ಮಸೂರವನ್ನು ಬಿಡಿಸಿ ಕೂಡಿಸುತ್ತಾರೆ. ಅನಂತರ ವಾರಗಟ್ಟಲೆ ದಿನಕ್ಕೆ ಹಲವು ಬಾರಿ ಹನಿ ಹಾಕಬೇಕು. ಕಣ್ಣು ಕೆರೆದುಕೊಳ್ಳದಂತೆ ಕೊರಳಪಟ್ಟಿ ಕಟ್ಟಬೇಕು. ಈ ಅರ್ಧ ಚಿಕಿತ್ಸೆ ಮನೆಯವರದೇ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ ಕುರುಡು ನಾಯಿಯನ್ನೆತ್ತಿಕೊಂಡು ಬಂದ ಹಿರಿಯರೊಬ್ಬರಿಗೆ, “ವಯಸ್ಸಾಗಿದೆ, ಏನೂ ಮಾಡಲಾಗದು” ಎಂದು ಹೇಳಿ ಕಳುಹಿಸಿದೆವು. ಅಕ್ಷಿಪಟಲ ಜೀವಂತವಾಗಿದೆಯೇ ಎಂಬ ಪರೀಕ್ಷೆಗೂ ಬರೆದುಕೊಡಲಿಲ್ಲ. ಅವರು ಮತ್ತೆ ಬರಲಿಲ್ಲ. ಆ ಕಣ್ಣು ಉಳಿಯುತ್ತಿತ್ತೋ ಇಲ್ಲವೋ, ಕೇಳುವ ಹಕ್ಕನ್ನಂತೂ ನಾವೇ ಕಸಿದುಕೊಂಡಿದ್ದೆವು.

ಆದುದರಿಂದ ಪಾಲಕರಲ್ಲಿ ಪ್ರಾರ್ಥನೆ: ಪಾಪೆ ಬೆಳ್ಳಗಾದರೆ, ನಾಯಿ ಹೊಸ್ತಿಲು ಎಡವಿದರೆ, ಪೊರೆ ಹಣ್ಣಾಗಲೆಂದು ಕಾಯದಿರಿ. ತಡವಾದರೆ ಒಳ ಉರಿಯೂತವೂ ಕಣ್ಣಿನ ಒತ್ತಡವೂ ದೃಷ್ಟಿಯನ್ನು ಶಾಶ್ವತವಾಗಿ ಕೊಂಡೊಯ್ಯಬಹುದು. ಎಲ್ಲ ಕಣ್ಣಿಗೂ ಶಸ್ತ್ರಕ್ರಿಯೆ ಒಗ್ಗದು. ಎಲ್ಲ ಮನೆಗೂ ಅದರ ವೆಚ್ಚ ನಿಲುಕದು. ಆಗ ಅದರ ಅನ್ನದ ತಟ್ಟೆ, ಹಾಸಿಗೆಗಳನ್ನು ಇದ್ದಲ್ಲಿಯೇ ಇಡಿ, ಹೆಸರು ಹಿಡಿದು ಕರೆಯಿರಿ. ಬೀದಿಗೆ ಮಾತ್ರ ಬಿಡಬೇಡಿರಿ.

ನಮ್ಮ ಕಣ್ಣಿನ ಅಳತೆ ಇನ್ನೊಂದು ಕಣ್ಣಿಗೆ ಸಲ್ಲದು. ಮಸೂರದ ಮೊದಲ ಪಾಠವನ್ನು ನಮ್ಮ ಮಾತಿನಲ್ಲಿಯೇ ಹೇಳಿಕೊಟ್ಟ ಗುರುಗಳಿಗೆ ವಂದಿಸಿ ವಿರಮಿಸುತ್ತೇವೆ.