ಲೇಬಲ್ ಒಂದು, ಹಾಡು ಇನ್ನೊಂದು

ತಪ್ಪಾಗಿ ಅಚ್ಚಾದ ರೆಕಾರ್ಡುಗಳಿಗೆ ಕೆಲವರು ಲಕ್ಷಗಟ್ಟಲೆ ಹಣ ಸುರಿಯುತ್ತಾರೆಂದು ಕೇಳಿದರೆ, ದುಡ್ಡಿದ್ದವರ ಹುಚ್ಚು ಎಂದು ನಗು ಬರುವುದು ಸಹಜ. ಹುಚ್ಚು ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳಲ್ಲಿ ಕೆಲವು ಪಕ್ಕಾ ದಾಖಲೆಗಳು, ಕಂಪನಿ ಮರೆಯಲು ಬಯಸಿದ್ದನ್ನೂ ಉಳಿಸಿಕೊಂಡವು ಎಂಬುದು ನನ್ನ ವಾದ. ಇದಕ್ಕೆ ಕಾರಣ ತಯಾರಿಕೆಯಲ್ಲೇ ಇದೆ. ವಿನೈಲ್ ರೆಕಾರ್ಡಿನ ಲೇಬಲನ್ನು ಆಮೇಲೆ ಗೋಂದು ಹಚ್ಚಿ ಅಂಟಿಸುವುದಿಲ್ಲ; ಬಿಸಿ ವಿನೈಲ್ ಮುದ್ದೆಯ ಮೇಲೊಂದು ಕೆಳಗೊಂದು ಲೇಬಲ್ ಇಟ್ಟು ಎರಡು ಲೋಹದ ಅಚ್ಚುಗಳ ನಡುವೆ ಒತ್ತುತ್ತಾರೆ. ಹಾಡು ಬರುವುದು ಅಚ್ಚಿನಿಂದ, ಹೆಸರು ಬರುವುದು ಮುದ್ರಣಾಲಯದಿಂದ. ಇವೆರಡೂ ಅದಲುಬದಲಾದಾವೆಂಬ ಭಯ ವಿನೈಲಿಗಿಂತ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ (ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಆ ಊರಲ್ಲೇ ತೀರಿಕೊಂಡವರು) ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರುತ್ತಿದ್ದರಲ್ಲ, ಅದು ರೆಕಾರ್ಡು ಒತ್ತುತ್ತಿದ್ದ ಜರ್ಮನಿಯ ಹಾನೋವರ್ ಕಾರ್ಖಾನೆಯವರಿಗೆ ಯಾರ ಹಾಡೆಂದು ತಿಳಿಯಲಿ ಎಂದು.

ಆ ಭಯ ನಿಜವಾದದ್ದೂ ಉಂಟು. 1963ರ ಮೇ ತಿಂಗಳಲ್ಲಿ ಕೊಲಂಬಿಯಾ ಕಂಪನಿ ಗಾಯಕ ಬಾಬ್ ಡಿಲನ್ ಅವರ ಆಲ್ಬಮ್ 'ದಿ ಫ್ರೀವೀಲಿನ್ ಬಾಬ್ ಡಿಲನ್' ಹೊರತಂದಿತು. ಅದರ ಕೆಲವೇ ಮೊನೊ ಪ್ರತಿಗಳ ಲೇಬಲಿನಲ್ಲಿ 'ಮಾಸ್ಟರ್ಸ್ ಆಫ್ ವಾರ್' ಹೆಸರಿದೆ, ಆದರೆ ಮುಳ್ಳಿಟ್ಟರೆ ಆ ಹಾಡು ಬರುವುದೇ ಇಲ್ಲ. ಆಲ್ಬಮ್ಮಿನಿಂದ ಕೈಬಿಟ್ಟ ನಾಲ್ಕು ಹಾಡುಗಳು ಅಲ್ಲಿ ಹಾಗೇ ಕೂತಿವೆ. ಕಮ್ಯುನಿಸ್ಟರ ಗುಮ್ಮನಿಗೆ ಹೆದರುವವರನ್ನು ಗೇಲಿ ಮಾಡುವ ಜಾನ್ ಬರ್ಚ್ ಹಾಡು ಅವುಗಳಲ್ಲೊಂದು. ಅದೇ ಮೇ 12ರಂದು ಎಡ್ ಸುಲಿವನ್ ಟಿ.ವಿ. ಕಾರ್ಯಕ್ರಮದಲ್ಲಿ ಈ ಹಾಡು ಬೇಡವೆಂದು ಸಿಬಿಎಸ್ ಪಟ್ಟು ಹಿಡಿದಾಗ ಡಿಲನ್ ಎದ್ದು ಹೊರಟರು. ಆಗ ಕೊಲಂಬಿಯಾದ ಒಡೆತನವೂ ಸಿಬಿಎಸ್‌ನದೇ ಆಗಿತ್ತು. ಕಂಪನಿಯೇ ಕತ್ತರಿ ಆಡಿಸಿತೆಂಬ ಕಥೆಗೆ ಇಷ್ಟು ಸಾಕು. ಆದರೆ ಬದಲಿಗೆ ಸೇರಿದ ಹಾಡುಗಳು ಧ್ವನಿಮುದ್ರಣವಾದದ್ದು ಏಪ್ರಿಲ್ 24ರಂದು, ಜಗಳಕ್ಕೆ ಮೊದಲೇ! ಹಾಗಾಗಿ ಡಿಲನ್ ಅವರಿಗೇ ಹೊಸವು ಬೇಕಾಗಿದ್ದಿರಬಹುದು. ಈ ತಗಾದೆಯನ್ನು ರೆಕಾರ್ಡು ತೀರ್ಮಾನಿಸುವುದಿಲ್ಲ. ಹಳೆಯ ಪಟ್ಟಿ ಬರೀ ಯೋಚನೆಯಾಗಿರಲಿಲ್ಲ, ಲೋಹದ ಅಚ್ಚಿಗೆ ಇಳಿದಿತ್ತು. ಕಾಗದ ಬದಲಾದ ಮೇಲೂ ಆ ಅಚ್ಚು ಪ್ರೆಸ್ಸಿನಲ್ಲಿತ್ತು ಎಂಬುದನ್ನಂತೂ ಅದು ತೋರಿಸುತ್ತದೆ. ಪರೀಕ್ಷೆ ಕಷ್ಟವಲ್ಲ: ಹಾಡು ಮುಗಿದ ಮೇಲೆ ಲೇಬಲಿನ ಸುತ್ತ ಉಳಿಯುವ ನುಣುಪು ಪಟ್ಟಿಗೆ ಬೆಳಕನ್ನು ಓರೆಯಾಗಿ ಬಿಟ್ಟರೆ ಅಂಕಿ ಕಾಣುತ್ತದೆ. ಅದು '1ಎ' ಎಂದು ಮುಗಿಯಬೇಕು.

ಆ ಹಾಡುಗಳನ್ನು ಈಗ ಬೇರೆ ಕಡೆ ಕೇಳಬಹುದಲ್ಲ, 'ಲೆಟ್ ಮಿ ಡೈ ಇನ್ ಮೈ ಫುಟ್‌ಸ್ಟೆಪ್ಸ್' 1991ರಲ್ಲೇ ಅಧಿಕೃತವಾಗಿ ಬಂತಲ್ಲ ಎನ್ನಬಹುದು. ಹಾಡು ಸಿಕ್ಕಿತು, ನಿಜ. ಅದು ಯಾವ ಬದಿಯಲ್ಲಿ, ಯಾವುದರ ಪಕ್ಕದಲ್ಲಿ ಕೂತು ಅಂಗಡಿಗೆ ಹೊರಟಿತ್ತೆಂಬುದು ಸಿಗಲಿಲ್ಲ. ಎಲ್ಲ ತಪ್ಪುಗಳಿಗೂ ಇದೇ ತೂಕ ಕೊಡಲು ಮಾತ್ರ ನಾನು ತಯಾರಿಲ್ಲ. 1962ರ 'ಲವ್ ಮಿ ಡೂ' ಹಾಡಿನ ಪ್ರಚಾರದ ಪ್ರತಿಗಳಲ್ಲಿ, ಸುಮಾರು 250, ಅದನ್ನು ಬರೆದವರಲ್ಲೊಬ್ಬರಾದ ಮೆಕಾರ್ಟ್ನಿಯವರ ಹೆಸರಿನಲ್ಲಿ ಒಂದು ಅಕ್ಷರ ಬಿದ್ದುಹೋಗಿದೆ. ಸಂತೆಯಲ್ಲಿ ಅದಕ್ಕೂ ಭಾರೀ ಬೆಲೆ. ಅದರಿಂದ ತಿಳಿಯುವುದೋ ಮೊಳೆ ಜೋಡಿಸಿದವನ ಅವಸರ ಅಷ್ಟೇ. ಇನ್ನು, ಸಂಗ್ರಾಹಕರು ಇವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆಂಬ ದೂರು. ಅದು ನನ್ನದೂ ಹೌದು. ರೆಕಾರ್ಡು ಬಿಟ್ಟುಕೊಡಬೇಕಿಲ್ಲ; ಆ ನುಣುಪು ಪಟ್ಟಿಯ ಚಿತ್ರ ಹೊರಬಿದ್ದರೂ ಇನ್ನೊಬ್ಬರು ತಮ್ಮಲ್ಲಿರುವ ಪ್ರತಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಬಹುದು.